ಸಮುದ್ರ ತಿರುಗಿ ಕೊಟ್ಟ ಖಣ

ನಾರಾಯಣಪುರ, ನೀರಾವರಿ ಕ್ವಾರ್ಟರ್ಸ್
೧ ನವೆಂಬರ್ ೧೯೯೮

ಪಾರೂ,

ಇದು ಮೂರನೆಯ ಕಾಗದ. ಮೊದಲಿನ ಎರಡಕ್ಕೆ ಉತ್ತರ ಬರಲಿಲ್ಲ. ದೋರನಹಳ್ಳಿಯ ಪೋಸ್ಟ್‌ಮನ್ ಕಳ್ಳನಲ್ಲ, ನನ್ನ ಕಾಗದದಲ್ಲಿ ಕದಿಯುವಂಥದ್ದೂ ಏನಿರುವುದಿಲ್ಲ. ಹಾಗಾಗಿ ಮುಟ್ಟಿವೆ ಅಂತಲೇ ತಿಳಿದಿದ್ದೇನೆ.

ದಸರಾ ಸೂಟಿಗೆ ನೀನು ಬರಲಿಲ್ಲ. ದೀಪಾವಳಿಗೆ ಖಂಡಿತ ಬರುತ್ತೀ ಅಂತ ಮೌನಿ ಬಾಗಿಲ ಮುಂದೆ ರಂಗೋಲಿ ಹಾಕಿ, ಅಕ್ಕ ಬರುವ ತನಕ ಅದನ್ನು ಯಾರೂ ತುಳಿಯಬಾರದು ಅಂತ ನನ್ನನ್ನು ಹಿತ್ತಲ ಬಾಗಿಲಿಂದ ಡ್ಯೂಟಿಗೆ ಕಳಿಸಿದಳು. ನಾಲ್ಕು ದಿನ ನನ್ನ ಮನೆಯಲ್ಲೇ ನಾನು ಕಳ್ಳನ ಹಾಗೆ ಓಡಾಡಿದೆ. ಐದನೆಯ ದಿನ ಆಕೆಯೇ ಕಸಬರಿಗೆ ತಂದು ಗುಡಿಸಿದಳು. "ಅಕ್ಕ ಬರಂಗಿಲ್ಲ ಬಿಡಪ್ಪಾ" ಅಂದಳು. ಏಳು ವರ್ಷಕ್ಕೇ ಎಷ್ಟು ದೊಡ್ಡ ಮಾತು.

ನಿಮ್ಮವ್ವ ಹೋಗಿ ಎರಡು ವರ್ಷ ತುಂಬಿತು. ಎಡೆ ಇಟ್ಟೆವು. ನಾನು ಮಾಡಿದ್ದನ್ನು ನಾನು ಹೋಳಿಗೆ ಅಂದೆ, ಮೌನಿ ರೊಟ್ಟಿ ಅಂದಳು. ಫೋಟೋದಲ್ಲಿದ್ದವಳು ಏನೂ ಅನ್ನಲಿಲ್ಲ.

ಇಲ್ಲಿ ಕಾಲುವೆ ತುಂಬಿ ಹರಿಯುತ್ತಿದೆ. ಹೊತ್ತು ಮೂಡಿದಾಗ ಒಮ್ಮೆ, ಮುಳುಗುವ ಮುಂದೆ ಒಮ್ಮೆ ಗೇಜಿನ ಪಟ್ಟಿ ನೋಡುವುದು, ನೀರು ಎಷ್ಟಿದೆ ಅಂತ ವೈರ್‌ಲೆಸ್ಸಿನಲ್ಲಿ ಹೇಳುವುದು. ಕನ್ನಡದಲ್ಲಿ ಬಿ.ಎ. ಮಾಡಿದವನಿಗೆ ಸರಕಾರ ಹುಡುಕಿ ಕೊಟ್ಟ ಕೆಲಸ. ಕಂಡಷ್ಟೇ ಹೇಳಬೇಕು. ಒಂದು ಅಂಗುಲ ಹೆಚ್ಚು ಹೇಳಿದರೂ ಕೆಳಗೆ ಯಾರದೋ ಹೊಲಕ್ಕೆ ಪೆಟ್ಟು.

ಮೊನ್ನೆ ಒಂದು ಅಕಾಲದ ಮಳೆ ಬಂತು. ಮೌನಿಗೆ ಉಡುಪಿಯ ಪ್ರವಾಸ ನೆನಪಾಗಿ ನಾವು ಅಲ್ಲಿ ಕಟ್ಟಿದ ಹಾಡು ಶುರು ಮಾಡಿದಳು:

ಕಡಲ ನೋಡಾಕ ಬಂದ್ವಿ,
ಛತ್ರಿ ಬುಡಕ ನಿಂದ್ವಿ,
ಮಳಿ ನಿಲ್ಲೂತನಕ ಭಜಿ ತಿಂದ್ವಿ…

"ನಿಂತ್ವಿ ಅನಬೇಕಪ್ಪಾ, ನಿಂದ್ವಿ ಅಲ್ಲ" ಅಂತ ನೀನು ಆಗ ಜಗಳ ತೆಗೆದಿದ್ದೆ. ಪ್ರಾಸಕ್ಕೆ ಮಾಫಿ ಇದೆ ಅಂದಿದ್ದೆ ನಾನು. ನಾಲ್ಕನೆಯ ಸಾಲು ಮಾತ್ರ ಯಾರಿಗೂ ಸಿಗಲಿಲ್ಲ. ಲಾಡ್ಜಿನಲ್ಲಿ ನಿಮ್ಮವ್ವನಿಗೆ ಹೇಳಿದಾಗ, "ಊರಿಗೆ ಹೋಗಿ ಹುಡುಕೂಣು ತಗೋ, ಎಲ್ಲಾ ಇಲ್ಲೇ ಮುಗಿಸಬ್ಯಾಡ್ರಿ" ಅಂದಿದ್ದಳು. ಅದು ಹಾಗೇ ಉಳಿಯಿತು.

ಬೇಸಿಗೆ ಸೂಟಿಗಾದರೂ ಬಾ. ಮಲಕಮ್ಮ ಸಣ್ಣವ್ವನಿಗೆ ನಾನು ಕೇಳಿದೆ ಅಂತ ಹೇಳು.

ನಿನ್ನ ಅಪ್ಪ
ಬಸವಂತ್ರಾಯ


ದೋರನಹಳ್ಳಿ
೧೩ ಡಿಸೆಂಬರ್ ೧೯೯೮

ಅಪ್ಪನವರಿಗೆ ಪಾರ್ವತಿಯ ನಮಸ್ಕಾರ.

ತಮ್ಮ ಮೂರೂ ಕಾಗದ ಮುಟ್ಟಿವೆ. ನಾನು ಆರಾಮ ಇದ್ದೇನೆ. ಸಣ್ಣವ್ವನೂ ಆರಾಮ. ಪರೀಕ್ಷೆಯಲ್ಲಿ ಗಣಿತ ಒಂದು ಬಿಟ್ಟು ಎಲ್ಲದರಲ್ಲೂ ಪಾಸು.

ಹೋದ ವಾರ ಸಣ್ಣವ್ವ ಟ್ರಂಕಿನಲ್ಲಿದ್ದ ಅವ್ವನ ಸೀರೆಗಳನ್ನು ಬಿಸಿಲಿಗೆ ಹಾಕಿದಳು. ಇಳಕಲ್ ಸೀರೆಯ ಮಡಿಕೆಯಲ್ಲಿ ಒಂದು ಚೀಟಿ ಸಿಕ್ಕಿತು. ಉಡುಪಿ ಕಡೆಯ ಒಂದು ದವಾಖಾನೆಯದು. ಕರೆಮ್ಮ, ಗಂಡ ಬಸವಂತ್ರಾಯ, ವಯಸ್ಸು ಮೂವತ್ತನಾಲ್ಕು. ತಾರೀಖು ಐದು ಮತ್ತು ಆರು, ಜೂನ್ ೧೯೯೬.

ಆ ವರ್ಷ ಶಾಲೆಗೆ "ನಮ್ಮ ಪ್ರವಾಸ" ಅಂತ ನಾನು ಬರೆದ ಪ್ರಬಂಧ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ತಾರೀಖು ಹಾಕಿದ್ದೇನೆ. ಐದಕ್ಕೆ ತಾವು ನಮ್ಮಿಬ್ಬರನ್ನು ಕಾಪುವಿನ ದೀಪಸ್ತಂಭ ನೋಡಲು ಒಯ್ದಿದ್ದಿರಿ. ಆರಕ್ಕೆ ಮಲ್ಪೆಗೆ. ಅವ್ವನಿಗೆ ಕಾಲು ನೋವು, ಲಾಡ್ಜಿನಲ್ಲಿ ಮಲಗಿರುತ್ತಾಳೆ ಅಂದಿದ್ದಿರಿ. ನಾನೂ ಹಾಗೇ ಬರೆದೆ. ಹತ್ತಕ್ಕೆ ಎಂಟು ಅಂಕ ಬಂದವು.

ನಾಗರಪಂಚಮಿ ಆದ ಮೇಲೆ ಅವ್ವನಿಗೆ ಜಡ್ಡು ಶುರುವಾಯಿತು ಅಂತ ಎಲ್ಲರಿಗೂ ಹೇಳಿದವರು ತಾವೇ.

ಆ ಎರಡು ದಿನ ಅವ್ವ ಎಲ್ಲಿದ್ದಳು? ಪ್ರಾಸ ಬೇಡ. ಇಷ್ಟಕ್ಕೆ ಉತ್ತರ ಬರೆದರೆ ಸಾಕು.

ಪಾರ್ವತಿ


ನಾರಾಯಣಪುರ
೩ ಜನವರಿ ೧೯೯೯

ಪಾರೂ,

ನೀನು "ತಾವು" ಅಂತ ಬರೆದಿದ್ದೀ. ನನಗೆ ಹಾಗೆ ಬರೆಯುವವರು ನಮ್ಮ ಕಚೇರಿಯವರು ಮಾತ್ರ, ಅದೂ ನೋಟೀಸು ಕೊಡುವಾಗ. ಇದನ್ನೂ ನೋಟೀಸು ಅಂತಲೇ ಓದಿದೆ. ನೋಟೀಸಿಗೆ ಉತ್ತರ ಕೊಡುವುದು ನಿಯಮ.

ಅವ್ವ ದವಾಖಾನೆಯಲ್ಲಿದ್ದಳು. ಎರಡೂ ದಿನ. ಒಬ್ಬಳೇ.

ಆ ಬೇಸಿಗೆಯಿಂದಲೇ ಆಕೆಗೆ ಹೊಟ್ಟೆ ನೋವಿತ್ತು. ಶಹಾಪುರದಲ್ಲಿ ತೋರಿಸಿದೆವು. ಹೊಟ್ಟೆ ಒತ್ತಿದರೆ ಕೈಗೆ ಗಂಟು ಹತ್ತುತ್ತದೆ, ದೊಡ್ಡ ಕಡೆ ಒಯ್ಯಿರಿ ಅಂದರು. ನಾನು ಹೈದರಾಬಾದ್ ಅಂದೆ. ಉಡುಪಿಯ ಹೆಸರು ತೆಗೆದವಳು ನಿಮ್ಮವ್ವ. "ಅಲ್ಲಿ ದವಾಖಾನಿ ಬಾಜೂಕನ ಸಮುದ್ರ ಅದ ಅಂತ್ರಿ. ಹುಡುಗ್ಯಾರನೂ ಕರಕೊಂಡು ಹೋಗೂಣು. ಸಮುದ್ರ ನೋಡಾಕ ಹೊಂಟೀವಿ ಅಂತ ಹೇಳೂಣು."

"ಮಳಿಗಾಲದಾಗ ಯಾರು ಸಮುದ್ರ ನೋಡ್ತಾರ?" ಅಂದೆ.

"ಕಾಲುವಿ ಬಂದ್ ಇದ್ದಾಗ ಅಲ್ಲೇನು ನಿಮಗ ಸೂಟಿ ಸಿಗೂದು?" ಅಂದಳು. ಅದೂ ನಿಜ. ಕಾಲುವೆಯವರ ಸೂಟಿಗೂ ಸಮುದ್ರದ ಹಂಗಾಮಿಗೂ ಎಂದೂ ತಾಳೆಯಾಗುವುದಿಲ್ಲ.

ಐದಕ್ಕೆ, ಬುಧವಾರ, ನಿಮ್ಮಿಬ್ಬರನ್ನು ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ನಾಷ್ಟಾಕ್ಕೆ ಕೂಡಿಸಿ ಆಕೆಯನ್ನು ದವಾಖಾನೆಯ ಬಾಗಿಲಿಗೆ ಬಿಟ್ಟೆ. ನಾನೂ ಕೂತಿರುತ್ತೇನೆ, ಹುಡುಗಿಯರು ಲಾಡ್ಜಿನಲ್ಲಿರಲಿ ಅಂದೆ. ಸಿಟ್ಟಿಗೆದ್ದಳು. "ಅವು ಲಾಡ್ಜಿನ ಗ್ವಾಡಿ ನೋಡಾಕ ಬಂದಾವೇನು? ಏನೇನು ಅದನೋ ಎಲ್ಲಾ ತೋರಿಸ್ರಿ. ತಿರುಗಿ ಬಂದು ನನಗ ಹೇಳಬೇಕು ಅವು" ಅಂದಳು.

ತೋರಿಸಿದೆ. ಕಡ್ಡಿ ಮುರಿದ ಒಂದು ಛತ್ರಿ, ಕೆಳಗೆ ಮೂರು ತಲೆ. ದೀಪಸ್ತಂಭ ಆ ಮಳೆಯಲ್ಲಿ ಬುಡ ಅಷ್ಟೇ ಕಾಣುತ್ತಿತ್ತು. ಮೇಲಿನದು ಇದೆ ಅಂತ ನಂಬಿಕೊಂಡೆವು. ಮೌನಿ ತೆರೆ ನೋಡಿ, "ಅಪ್ಪಾ, ಇಷ್ಟು ನೀರು ಯಾರು ಬಿಟ್ಟಾರ? ಗೇಟ್ ಬಂದ್ ಮಾಡಾಕ ಹೇಳು, ಹೊಲ ಹಾಳಾಗ್ತಾವ" ಅಂತ ಅಳುವುದಕ್ಕೇ ಬಂದಳು. ಮಲ್ಪೆಯಲ್ಲಿ ಬೋಟುಗಳನ್ನೆಲ್ಲ ಸಾಲಾಗಿ ಕಟ್ಟಿಹಾಕಿದ್ದರು. "ಇವಕ್ಕೂ ಬಂದ್ ಅದೇನು?" ಅಂದಳು. ದ್ವೀಪಕ್ಕೆ ಬೋಟು ಯಾವಾಗ ಅಂತ ಒಬ್ಬರನ್ನು ಕೇಳಿದೆ. ಅವರು ತುಳುವಿನಲ್ಲಿ ಏನೋ ಹೇಳಿ ಕೈಯಾಡಿಸಿದರು. ಹಾಗೆ ಆಡಿಸಿದ ಕೈಗೆ ಯಾವ ಭಾಷೆಯಲ್ಲೂ "ಇಲ್ಲ" ಅಂತಲೇ ಅರ್ಥ. ನಿಮಗೆ ಮಾತ್ರ "ನಾಳೆ ಬಿಡ್ತಾರಂತ" ಅಂದೆ. ಆಮೇಲೆ ಭಜಿ ತಿಂದೆವು. ಅಲ್ಲಿಯದು ಗುಂಡಗಿತ್ತು. ನೀನು ಮುರಿದು ಮುರಿದು ಒಳಗೆ ಮೆಣಸಿನಕಾಯಿ ಹುಡುಕಿದೆ.

ನಾವು ಬಹಳ ನಕ್ಕೆವು. ನಕ್ಕಾಗಲೆಲ್ಲ ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ.

ನಾವು ತಿರುಗಿ ಬರುವ ಮೊದಲೇ ಆಕೆ ಲಾಡ್ಜಿಗೆ ಬಂದು ಮಲಗಿರುತ್ತಿದ್ದಳು. ಸಂಜೆ ನೀವಿಬ್ಬರೂ ಆಕೆಯ ಅಕ್ಕಪಕ್ಕ ಬಿದ್ದುಕೊಂಡು ಎಲ್ಲವನ್ನೂ ಒದರಿ ಹೇಳಿದಿರಿ. ಆಕೆ ಸೆರಗು ಹೊದ್ದು ಕೇಳಿದಳು. ಸೆರಗಿನ ಕೆಳಗೆ ಮೊಣಕೈಗೆ ಹತ್ತಿ ಅಂಟಿಸಿದ್ದರು.

ನೀನು ಕೇಳಿದ್ದಕ್ಕೆ ಉತ್ತರ ಇದು. ಮತ್ತೇನೂ ಇಲ್ಲ.

ಅಪ್ಪ


ದೋರನಹಳ್ಳಿ
೭ ಫೆಬ್ರವರಿ ೧೯೯೯

ಅಪ್ಪನವರಿಗೆ,

ಮತ್ತೇನೂ ಇಲ್ಲ ಅಂತ ಬರೆದಿದ್ದೀರಿ. ಶುಕ್ರವಾರದ ಸುದ್ದಿ ಬಿಟ್ಟಿದ್ದೀರಿ. ನನ್ನ ಸಲುವಾಗಿ ಬಿಟ್ಟಿದ್ದೀರಿ ಅಂತ ಗೊತ್ತು. ನಾನೇ ಬರೆಯುತ್ತೇನೆ.

ಹೊರಡುವ ದಿನ ಬೆಳಿಗ್ಗೆ ಅವ್ವ ತಲೆಗೆ ಎರಕೊಂಡು, ಗಂಗವ್ವಗೆ ಉಡಿ ತುಂಬಬೇಕು ಅಂದಳು. ಕಾಲುವೆಗೆ ಹೊಸದಾಗಿ ನೀರು ಬಿಟ್ಟಾಗ ನಾರಾಯಣಪುರದಲ್ಲಿ ಹೆಂಗಸರೆಲ್ಲ ತುಂಬುತ್ತಾರಲ್ಲ, ಹಾಗೆ. ಸುರಪುರದ ಪೇಟೆಯಲ್ಲಿ ಕೊಂಡ ಕೆಂಪು ದಡಿಯ ಹಸಿರು ಕುಬಸದ ಖಣವನ್ನು ಊರಿಂದಲೇ ತಂದಿದ್ದಳು. ಅದರಲ್ಲಿ ಅಕ್ಕಿ, ಅರಿಷಿಣ ಬೇರು, ಎಲೆ ಅಡಿಕೆ, ಅರ್ಧ ಕೊಬ್ಬರಿ ಇಟ್ಟು ಗಂಟು ಕಟ್ಟಿ ನೀರಿಗೆ ಬಿಟ್ಟಳು. ಕಣ್ಣು ಮುಚ್ಚಿ ಕೈಮುಗಿದು ಬಹಳ ಹೊತ್ತು ನಿಂತಳು. ಮಳೆ ಹೊಡೆಯುತ್ತಿತ್ತು. ತಾವು ಆಕೆಯ ಹಿಂದೆ ಛತ್ರಿ ಹಿಡಿದಿದ್ದಿರಿ.

ಕಾಲುವೆಯಾಗಿದ್ದರೆ ಅದು ತೇಲಿ ಹೋಗುತ್ತಿತ್ತು. ನಾವು ಕಂಡ ನೀರೆಲ್ಲ ಕೊಟ್ಟದ್ದನ್ನು ಒಯ್ಯುವ ನೀರು. ಸಮುದ್ರ ಹಾಗಲ್ಲ ಅಂತ ನಾಲ್ವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ದೊಡ್ಡ ತೆರೆ ಬಂತು. ಗಂಟು ಬಿಚ್ಚಿ, ಬರೀ ಖಣ ಬಂದು ನನ್ನ ಕಾಲಿಗೆ ಸುತ್ತಿಕೊಂಡಿತು. ನಾನು ಎತ್ತಿಕೊಂಡೆ. ನಗೆ ಬಂತು. "ಅವ್ವಾ, ಸಮುದ್ರ ಒಲ್ಲೆ ಅಂತದ!" ಅಂತ ಒದರಿದೆ. ಮೌನಿಯೂ ನಕ್ಕಳು. ಅವ್ವ ಕಣ್ಣು ತೆರೆದು ನನ್ನ ಕೈಯಲ್ಲಿದ್ದ ಖಣ ನೋಡಿದಳು.

ಆ ಮುಖ ನಾನು ಪ್ರಬಂಧದಲ್ಲಿ ಬರೆಯಲಿಲ್ಲ.

ತುಂಬಿದ ಉಡಿ ತಿರುಗಿ ಬಂದರೆ ಹರಕೆ ಒಪ್ಪಲಿಲ್ಲ ಅಂತ ಅರ್ಥವಂತೆ. ಸಣ್ಣವ್ವ ಬಾಜೂಮನೆಯವರಿಗೆ ಹೇಳುವಾಗ ಕೇಳಿದೆ. ನಾನು ಮುಟ್ಟದೆ ಬಿಟ್ಟಿದ್ದರೆ ಎರಡನೆಯ ತೆರೆ ಒಯ್ಯುತ್ತಿತ್ತೋ ಏನೋ. ನಾನು ಎತ್ತಿಕೊಂಡೆ. ಐದು ತಿಂಗಳಿಗೆ ಅವ್ವ ಹೋದಳು.

ತಾವು ಅದನ್ನು ನೋಡಿದ್ದಿರಿ. ಅವ್ವನ ದಿನ ಮುಗಿದ ಮರುವಾರವೇ ನನ್ನನ್ನು ಇಲ್ಲಿಗೆ ಕಳಿಸಿದಿರಿ, ಮೌನಿಯನ್ನು ಇಟ್ಟುಕೊಂಡಿರಿ. ಯಾಕೆ ಅಂತ ನಾನು ಕೇಳಲಿಲ್ಲ. ಗೊತ್ತಿದ್ದದ್ದನ್ನು ಕೇಳುವುದು ಯಾಕೆ? ಸೂಟಿಗೆ ಬಾ ಅಂತ ಬರೆಯುತ್ತೀರಿ. ಬಂದರೆ ತಮ್ಮ ಮುಂದೆ ಹೇಗೆ ಕೂಡಬೇಕು ನಾನು?

ಖಣ ಇನ್ನೂ ನನ್ನ ಹತ್ತಿರವೇ ಇದೆ.

ಪಾರ್ವತಿ


ನಾರಾಯಣಪುರ
೧೪ ಫೆಬ್ರವರಿ ೧೯೯೯

ಪಾರೂ,

ನಿನ್ನ ಕಾಗದ ಮುಟ್ಟಿತು. ಉತ್ತರ ಬರೆಯುತ್ತಿದ್ದೇನೆ, ತಡವಾಗುತ್ತದೆ. ಅಲ್ಲಿಯ ತನಕ ಇದೊಂದನ್ನು ಹಿಡಿದುಕೊಂಡಿರು: ನೀನು ಏನೂ ತಪ್ಪು ಮಾಡಿಲ್ಲ.

ಅಪ್ಪ


ನಾರಾಯಣಪುರ
೨ ಏಪ್ರಿಲ್ ೧೯೯೯

ಪಾರೂ,

ಕಾಲುವೆ ಮೊನ್ನೆ ಬಂದ್ ಆಯಿತು. ಗೇಜಿನ ಬುಡದಲ್ಲಿ ಕೆಸರು, ಎರಡು ಆಮೆ. ಬರೆಯದಿರಲು ನನಗೆ ಇನ್ನು ಯಾವ ನೆವವೂ ಉಳಿದಿಲ್ಲ.

ಐದು ಸಲ ಬರೆದು ಹರಿದೆ. ಪ್ರತಿ ಸಲವೂ ನನ್ನನ್ನು ಒಂದಿಷ್ಟು ಒಳ್ಳೆಯವನನ್ನಾಗಿ ಮಾಡುವ ವಾಕ್ಯವೊಂದು ಎಲ್ಲಿಂದಲೋ ನುಸುಳುತ್ತಿತ್ತು.

ಗುರುವಾರ ಮಲ್ಪೆಯಿಂದ ಬಂದ ಮೇಲೆ, "ಗುಳಿಗಿ ತರ್ತೀನಿ" ಅಂತ ನಿಮ್ಮನ್ನು ಅವ್ವನ ಹತ್ತಿರ ಬಿಟ್ಟು ಹೋದೆನಲ್ಲ, ಗುಳಿಗೆಗೆ ಹೋಗಿರಲಿಲ್ಲ. ಡಾಕ್ಟರು ಬರಹೇಳಿದ್ದರು. ಕೂಡಿಸಿ, ನೀರು ಕೊಟ್ಟು, ನಿಧಾನವಾಗಿ ಹೇಳಿದರು. ಗಂಟು ಒಳಗೆಲ್ಲ ಹಬ್ಬಿದೆ. ಕೊಯ್ದು ತೆಗೆಯಲು ಬರುವುದಿಲ್ಲ. ಮನೆಗೆ ಕರೆದುಕೊಂಡು ಹೋಗಿ, ನೋವಾಗದ ಹಾಗೆ ನೋಡಿಕೊಳ್ಳಿ. ಎಷ್ಟು ದಿನ ಅಂದೆ. ದೀಪಾವಳಿ ಕಂಡರೆ ಹೆಚ್ಚು ಅಂದರು. ಒಂದು ಕಾಗದ ಕೊಟ್ಟರು. ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ಲಾಡ್ಜಿಗೆ ಬಂದೆ. "ಏನಂದ್ರು?" ಅಂತ ಕೇಳಿದಳು. "ಏನೂ ಇಲ್ಲಂತ. ಗುಳಿಗಿ ಕೊಟ್ಟಾರ" ಅಂದೆ. "ಹೌದೇನ್ರಿ" ಅಂದಳು. ಅಷ್ಟೇ.

ಮರುದಿನ ಆಕೆ ಸಮುದ್ರದ ಮುಂದೆ ಕೈಮುಗಿದು ನಿಂತಾಗ ಆ ಕಾಗದ ನನ್ನ ಕಿಸೆಯಲ್ಲೇ ಇತ್ತು. ಮಳೆಗೆ ತೊಯ್ದು ಎದೆಗೆ ಅಂಟಿತ್ತು. ಆಕೆ ಜೀವ ಬೇಡುತ್ತಿದ್ದಳು. ಉತ್ತರ ಬಂದು ಹಿಂದಿನ ಸಂಜೆಯಿಂದಲೇ ನನ್ನ ಹತ್ತಿರ ಕೂತಿತ್ತು. ಬೇಡಬೇಡ ಕರೆಮ್ಮಾ ಅನ್ನಲು ನನಗೆ ಬಾಯಿ ಬರಲಿಲ್ಲ. ಛತ್ರಿ ಹಿಡಿದು ನಿಂತೆ. ದಿನಕ್ಕೆ ಎರಡು ಸಲ ನೀರು ನೋಡಿ, ಕಂಡದ್ದನ್ನು ಕಂಡಷ್ಟೇ ಹೇಳುವ ಮನುಷ್ಯ.

ಆ ಕಾಗದ ಇದರೊಳಗೆ ಇಟ್ಟಿದ್ದೇನೆ. ಮಸಿ ಹರಡಿದೆ, ತಾರೀಖು ಓದಲು ಬರುತ್ತದೆ. ಗುರುವಾರ, ಆರು. ನೀನು ಖಣ ಎತ್ತಿಕೊಂಡದ್ದು ಶುಕ್ರವಾರ, ಏಳು. ಗುರುವಾರವೇ ಮುಗಿದುಹೋದದ್ದನ್ನು ಶುಕ್ರವಾರ ನೀನು ಕೆಡಿಸುವುದು ಹೇಗೆ? ಸಮುದ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ನಿನ್ನ ನಗೆಗೂ ಇಲ್ಲ.

ತಿರುಗಿ ಬಂದ ಖಣ ನೋಡಿ ನಿಮ್ಮವ್ವ ಏನೋ ಒಂದು ಒಳ್ಳೆಯ ಮಾತು ಅಂದಳು ಅಂತ ಬರೆಯಬಹುದಿತ್ತು. ಎರಡನೆಯ ಸಲ ಹರಿದ ಕಾಗದದಲ್ಲಿ ಹಾಗೇ ಬರೆದಿದ್ದೆ. ಓದಲು ಚೆನ್ನಾಗಿತ್ತು. ಆದರೆ ಆಕೆ ಏನೂ ಅನ್ನಲಿಲ್ಲ.

ಇನ್ನು ನಿನ್ನನ್ನು ಕಳಿಸಿದ ಮಾತು. ಮೌನಿ ಸಣ್ಣವಳು, ಏನೂ ಕೇಳುತ್ತಿರಲಿಲ್ಲ. ನೀನು ದಿನಾ ಊಟಕ್ಕೆ ಕೂತಾಗ, "ಅವ್ವಗ ಯಾವಾಗಿಂದ ಜಡ್ಡು ಇತ್ತಪ್ಪಾ?" ಅಂತ ಕೇಳುತ್ತಿದ್ದೆ. ನಾನು ದಿನಾ ನಾಗರಪಂಚಮಿಯಿಂದ ಅನ್ನುತ್ತಿದ್ದೆ. ನೀನು ನನ್ನ ಮುಖ ನೋಡುತ್ತಿದ್ದೆ, ಥೇಟ್ ನಿಮ್ಮವ್ವನ ಹಾಗೆ. ಆ ನೋಟದಿಂದ ತಪ್ಪಿಸಿಕೊಳ್ಳಲು ನಿನ್ನನ್ನು ಶಾಲೆಯ ನೆವ ಮಾಡಿ ದೋರನಹಳ್ಳಿಗೆ ಕಳಿಸಿದೆ. ಅಪ್ಪನಾದವನು ಮಾಡುವ ಕೆಲಸವಲ್ಲ. ನಾನು ಮಾಡಿದೆ.

ಬಾ ಅಂತ ಈ ಸಲ ಬರೆಯಲು ನನಗೆ ಮುಖವಿಲ್ಲ. ಮೌನಿ ಮಾತ್ರ ಮತ್ತೆ ರಂಗೋಲಿ ಹಾಕಿದ್ದಾಳೆ. ನಾನು ಹಿತ್ತಲಿಂದ ಓಡಾಡುತ್ತಿದ್ದೇನೆ.

ಅಪ್ಪ


ದೋರನಹಳ್ಳಿ
೧೮ ಏಪ್ರಿಲ್ ೧೯೯೯

ಅಪ್ಪಾ,

ನಿನ್ನ ಕಾಗದ ಓದಿ ನಾಲ್ಕು ದಿನ ನಿನ್ನ ಮೇಲೆ ಸಿಟ್ಟಿತ್ತು. ಇನ್ನೂ ಪೂರ್ತಿ ಹೋಗಿಲ್ಲ. ಉಳಿದದ್ದನ್ನು ಬಂದ ಮೇಲೆ ಬೈಯುತ್ತೇನೆ.

ಆದರೆ ನೀನು ಒಂದು ಕಡೆ ತಪ್ಪು ಬರೆದಿದ್ದೀ. ಅವ್ವನಿಗೆ ಗೊತ್ತಿತ್ತು.

ಗುರುವಾರ ನೀನು ಗುಳಿಗೆ ತರುತ್ತೇನೆ ಅಂತ ಹೋದೆಯಲ್ಲ, ಆಗ ಅವ್ವ ಮೌನಿಯನ್ನು ನನ್ನ ಮುಂದೆ ಕೂಡಿಸಿ ಜಡೆ ಹಾಕುವುದು ಕಲಿಸಿದಳು. ಮೂರು ಸಲ ಬಿಚ್ಚಿದಳು, ಮೂರು ಸಲ ಹಾಕಿಸಿದಳು. ನನ್ನ ಕೈ ನೋಯುತ್ತಿತ್ತು. "ನೀನೇ ಹಾಕವ್ವಾ, ನಿನ್ನ ಕೈಯಾಗ ಚಂದ ಬರ್ತದ" ಅಂದೆ. "ನಿನ್ನ ಕೈಗೂ ಬರಬೇಕಲ್ಲ" ಅಂದಳು. ನೀನು ಆಗ ಇನ್ನೂ ತಿರುಗಿ ಬಂದೇ ಇರಲಿಲ್ಲ. ಎರಡು ದಿನ ದವಾಖಾನೆಯಲ್ಲಿ ಒಬ್ಬಳೇ ಕೂತವಳಿಗೆ ಯಾರಾದರೂ ಹೇಳಬೇಕೇ?

ಇನ್ನೊಂದಿದೆ. ಶುಕ್ರವಾರ ಸಮುದ್ರದಿಂದ ಬಂದ ಮೇಲೆ ನೀನು ಬಸ್ಸು ವಿಚಾರಿಸಲು ಹೋದೆ. ಅವ್ವ ಖಣವನ್ನು ಫ್ಯಾನಿನ ಕೆಳಗೆ ಹಿಡಿದು ಒಣಗಿಸಿ ನನ್ನ ಹೆಗಲ ಮೇಲೆ ಹಾಕಿ ಗೇಣು ಹಾಕಿ ಅಳೆದಳು. "ಇನ್ನ ಮೂರು ವರ್ಷಕ್ಕ ಬರೋಬರಿ ಆಗ್ತದ. ಆವಾಗ ಹೊಲಿಸಿಕೋ. ತೋಳು ಉದ್ದ ಇಡ್ರಿ ಅಂತ ಟೇಲರ್‌ಗೆ ನೀನೇ ಹೇಳಬೇಕು" ಅಂದಳು. "ನೀ ಬರಂಗಿಲ್ಲೇನು?" ಅಂದೆ. "ಬಸ್ಸಿನ ಹೊತ್ತಾತು, ಚಪ್ಪಲ್ ಹಾಕ್ಕೋ" ಅಂದಳು. ಆಮೇಲೆ ಖಣ ನನ್ನ ಚೀಲದ ತಳಕ್ಕಿಟ್ಟು, "ನಿಮ್ಮಪ್ಪಗ ಹೇಳಬ್ಯಾಡ. ಅವರಿಗೆ ಸುಳ್ಳು ಹೇಳಾಕ ಬರಂಗಿಲ್ಲ, ನಿನ್ನೆಯಿಂದ ಪಾಪ ಭಾಳ ತ್ರಾಸ ಪಡಾಕತ್ತಾರ" ಅಂದಳು.

ನಾನು ಬೋಟಿನ ಸುದ್ದಿ ಅಂತ ತಿಳಿದೆ. ನಾಳೆ ಬಿಡ್ತಾರ, ನಾಳೆ ಬಿಡ್ತಾರ ಅಂತ ನೀನು ಹೇಳುತ್ತಲೇ ಇದ್ದೆಯಲ್ಲ, ಅದಕ್ಕೆ.

ಸಮುದ್ರ ಒಲ್ಲೆ ಅಂದದ್ದಕ್ಕೆ ಅವ್ವ ಹೆದರಿ ಹಾಗೆಲ್ಲ ಮಾತಾಡಿದಳು ಅಂತ ಇಷ್ಟು ವರ್ಷ ತಿಳಿದಿದ್ದೆ. ಜಡೆ ಹಾಕಿಸಿದ್ದು ಅದಕ್ಕೂ ಹಿಂದಿನ ದಿನ ಅಂತ ನಿನ್ನ ಕಾಗದ ಓದಿದ ಮೇಲೆ ಹೊಳೆಯಿತು. ಹಾಗಾದರೆ ಅಷ್ಟು ಹೊತ್ತು ಕಣ್ಣು ಮುಚ್ಚಿ ಆಕೆ ಬೇಡಿದ್ದು ತನ್ನ ಜೀವ ಇರಲಿಕ್ಕಿಲ್ಲ. ಏನು ಬೇಡಿದಳೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮೊನ್ನೆ ಶಹಾಪುರಕ್ಕೆ ಹೋಗಿ ಖಣವನ್ನು ಮನ್ಸೂರಅಲಿ ಟೇಲರ್‌ಗೆ ಕೊಟ್ಟೆ. ಮೂಸಿ ನೋಡಿ, "ಇದನ್ನ ಉಪ್ಪಿನಾಗ ನೆನೆ ಇಟ್ಟಿದ್ದೇನವ್ವಾ?" ಅಂದ. ಎಷ್ಟು ತೊಳೆದರೂ ದಡಿಯ ಮೇಲಿನ ಬಿಳಿ ಕಲೆ ಹೋಗಿಲ್ಲ. "ಇರಲಿ ಮಾಮಾ. ತೋಳು ಉದ್ದ ಇಡ್ರಿ" ಅಂದೆ.

ನಾನೇ ಹೇಳಿದೆ.

ಶನಿವಾರ ಸಂಜೆ ಬಸ್ಸಿಗೆ ಬರುತ್ತೇನೆ. ರಂಗೋಲಿ ತುಳಿಯುವುದಿಲ್ಲ, ದಾಟಿ ಬರುತ್ತೇನೆ ಅಂತ ಮೌನಿಗೆ ಹೇಳು. ಆಕೆಯ ಜಡೆಯನ್ನು ಎರಡೂವರೆ ವರ್ಷ ನೀನು ಏನು ಮಾಡಿದ್ದೀಯೋ, ನೋಡಬೇಕು.

ನಾಲ್ಕನೆಯ ಸಾಲು ಸಿಕ್ಕಿತು. ಇದಕ್ಕೆ ಮಾಫಿ ಬೇಕಿಲ್ಲ.

ಕಡಲ ನೋಡಾಕ ಬಂದ್ವಿ,
ಛತ್ರಿ ಬುಡಕ ನಿಂದ್ವಿ,
ಮಳಿ ನಿಲ್ಲೂತನಕ ಭಜಿ ತಿಂದ್ವಿ,
ಒಬ್ರಿಗೊಬ್ರು ಏನೂ ಇಲ್ಲ ಅಂದ್ವಿ.

ನಿನ್ನ ಪಾರು